ಹೆತ್ತವಳಿಗೆ ಹಕ್ಕಿಲ್ಲದ ಕಾಲ: ವಿಕ್ಟೋರಿಯಾ ಯುಗದ ಮದುವೆ, ತಾಯ್ತನ ಮತ್ತು ಕಾನೂನು

ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ತಾಯಿಯನ್ನು ಹೊಗಳಿದಷ್ಟು ಇನ್ಯಾರನ್ನೂ ಹೊಗಳುತ್ತಿರಲಿಲ್ಲ. ಚರ್ಚಿನ ಉಪದೇಶದಲ್ಲಿ, ಪದ್ಯಗಳಲ್ಲಿ, ಗೃಹಿಣಿಯರಿಗೆಂದು ಅಚ್ಚಾಗುತ್ತಿದ್ದ ಕೈಪಿಡಿಗಳಲ್ಲಿ ಆಕೆ ಮನೆಯ ದೇವತೆ. ಮಕ್ಕಳ ಮನಸ್ಸನ್ನು ರೂಪಿಸುವವಳು, ಗಂಡನ ದಣಿವನ್ನು ಕಳೆಯುವವಳು. ಅದೇ ತಾಯಿ ನ್ಯಾಯಾಲಯದ ಮೆಟ್ಟಿಲು ಹತ್ತಿ ‘ನನ್ನ ಮಗುವನ್ನು ನನಗೆ ಕೊಡಿಸಿ’ ಎಂದು ಕೇಳಿದರೆ ನ್ಯಾಯಾಧೀಶರು ಕೈಚೆಲ್ಲುತ್ತಿದ್ದರು. ಮದುವೆಯಾದ ಹೆಂಗಸು ಹೆತ್ತ ಮಗು ಕಾನೂನಿನ ಪ್ರಕಾರ ಪೂರ್ತಿಯಾಗಿ ತಂದೆಗೆ ಸೇರಿದ್ದು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಹಾಲೂಡಿಸಿದವಳಿಗೆ ಆ ಮಗುವಿನ ಮೇಲೆ ಹೇಳಿಕೊಳ್ಳುವಂಥ ಯಾವ ಹಕ್ಕೂ ಇರಲಿಲ್ಲ.

ಆ ಕಾಲದ ಮದುವೆಯ ಅನ್ಯಾಯಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಆಸ್ತಿಯಿಂದ ಆರಂಭಿಸುತ್ತಾರೆ. ನನಗೆ ತೋರುವಂತೆ ಆ ವ್ಯವಸ್ಥೆಯ ನಿಜವಾದ ಹಿಡಿತವಿದ್ದದ್ದು ಮಗುವಿನಲ್ಲಿ. ಹಣವಿಲ್ಲದಿದ್ದರೂ, ಮರ್ಯಾದೆ ಹೋದರೂ ಹೊಡೆಯುವ ಗಂಡನನ್ನು ಬಿಟ್ಟು ಹೊರಡುವ ಧೈರ್ಯ ಕೆಲವರಿಗೆ ಇತ್ತು. ಮಗುವನ್ನು ಬಿಟ್ಟು ಹೊರಡುವ ಧೈರ್ಯ ಬಹುತೇಕ ಯಾರಿಗೂ ಇರಲಿಲ್ಲ. ಗಂಡಂದಿರಿಗೂ ಅವರ ವಕೀಲರಿಗೂ ಅದು ಚೆನ್ನಾಗಿ ಗೊತ್ತಿತ್ತು. ಮಗುವೇ ಹೆಂಡತಿಯ ಮೂಗುದಾರವಾಗಿತ್ತು.

ಈ ಕಾನೂನಿನ ಬೇರು ಬಹಳ ಹಳೆಯದು. ವಿಲಿಯಂ ಬ್ಲ್ಯಾಕ್‌ಸ್ಟೋನ್ ಎಂಬ ನ್ಯಾಯಶಾಸ್ತ್ರಜ್ಞ 1765ರಲ್ಲಿ ಅದನ್ನು ಸ್ಪಷ್ಟವಾಗಿ ಬರೆದಿಟ್ಟ: ಮದುವೆಯಾದೊಡನೆ ಗಂಡ ಹೆಂಡತಿ ಕಾನೂನಿನಲ್ಲಿ ಒಬ್ಬನೇ ವ್ಯಕ್ತಿ, ಹೆಂಡತಿಯ ಅಸ್ತಿತ್ವ ಗಂಡನ ಅಸ್ತಿತ್ವದೊಳಗೆ ಸೇರಿಹೋಗುತ್ತದೆ. ಕೇಳುವುದಕ್ಕೆ ಅರ್ಧನಾರೀಶ್ವರ ತತ್ತ್ವದಂತೆ ಕಂಡೀತು. ಆದರೆ ಇಲ್ಲಿ ಉಳಿಯುತ್ತಿದ್ದ ಆ ಒಬ್ಬ ವ್ಯಕ್ತಿ ಯಾವಾಗಲೂ ಗಂಡನೇ. ಹೆಂಡತಿ ತವರಿನಿಂದ ತಂದ ಹಣ, ಒಡವೆ, ಪೀಠೋಪಕರಣ ಎಲ್ಲವೂ ಅವನದು. ಆಕೆಯ ಹೆಸರಿನಲ್ಲಿ ಜಮೀನಿದ್ದರೆ ಅದರ ಆದಾಯ ಅವನದು. ಆಕೆ ದುಡಿದರೆ ಕೂಲಿ ಅವನದು. ಪುಸ್ತಕ ಬರೆದರೆ ಸಂಭಾವನೆ ಅವನದು. ಆಕೆ ತನ್ನ ಹೆಸರಿನಲ್ಲಿ ಕರಾರು ಮಾಡಿಕೊಳ್ಳುವಂತಿಲ್ಲ, ದಾವೆ ಹೂಡುವಂತಿಲ್ಲ, ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವಂತಿಲ್ಲ. ಶ್ರೀಮಂತರು ಮದುವೆಗೆ ಮುಂಚೆ ಟ್ರಸ್ಟ್ ಪತ್ರ ಮಾಡಿಸಿ, ಮಗಳ ಪಾಲಿನ ಆಸ್ತಿ ಅಳಿಯನ ಕೈಗೆ ಸಿಗದಂತೆ ನೋಡಿಕೊಳ್ಳುತ್ತಿದ್ದರು. ವಕೀಲರಿಗೆ ಹಣ ಸುರಿಯಲಾಗದವರ ಹೆಣ್ಣುಮಕ್ಕಳಿಗೆ ಆ ರಕ್ಷಣೆಯೂ ಇರಲಿಲ್ಲ.

ಸ್ತ್ರೀ ಮತದಾನದ ಹಕ್ಕಿಗಾಗಿ ಮುಂದೆ ಬಹುದೊಡ್ಡ ಹೋರಾಟ ನಡೆಸಿದ ಮಿಲಿಸೆಂಟ್ ಫಾಸೆಟ್ ಅವರ ಪರ್ಸನ್ನು ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದಲ್ಲಿ ಒಬ್ಬ ಹುಡುಗ ಕದ್ದ. ಅವನು ಸಿಕ್ಕಿಬಿದ್ದ ಮೇಲೆ ನ್ಯಾಯಾಲಯದಲ್ಲಿ ಓದಿದ ಆರೋಪಪಟ್ಟಿಯಲ್ಲಿ, ಮಿಲಿಸೆಂಟ್ ಅವರ ಬಳಿಯಿಂದ ಕದ್ದ ಆ ಪರ್ಸು ಮತ್ತು ಅದರಲ್ಲಿದ್ದ 1 ಪೌಂಡ್ 18 ಶಿಲ್ಲಿಂಗ್ 6 ಪೆನ್ನಿ ಅವರ ಗಂಡ ಹೆನ್ರಿ ಫಾಸೆಟ್ ಅವರ ಸ್ವತ್ತು ಎಂದಿತ್ತು. ಕಳ್ಳತನದ ಆರೋಪ ತನ್ನ ಮೇಲೆಯೇ ಬಂದಂತೆ ಅನಿಸಿತು ಎಂದು ಅವರು ಮುಂದೆ ನೆನಪಿಸಿಕೊಂಡರು.

ಕೈಯಲ್ಲಿರುವ ಪರ್ಸೇ ತನ್ನದಲ್ಲ ಎಂದಮೇಲೆ ಮಡಿಲಲ್ಲಿರುವ ಮಗುವಿನ ಗತಿ ಏನು? 1804ರ ಒಂದು ಮೊಕದ್ದಮೆಯಲ್ಲಿ ಇದಕ್ಕೆ ಉತ್ತರವಿದೆ. ಡಿ ಮ್ಯಾನೆವಿಲ್ ಎಂಬ ಫ್ರೆಂಚ್ ವಲಸಿಗ ಇಂಗ್ಲಿಷ್ ಹೆಂಗಸನ್ನು ಮದುವೆಯಾಗಿದ್ದ. ಅವನ ಕ್ರೌರ್ಯ ತಾಳಲಾರದೆ ಆಕೆ ಎಂಟು ತಿಂಗಳ ಹೆಣ್ಣುಕೂಸಿನೊಂದಿಗೆ ಬೇರೆ ಇದ್ದಳು. ಗಂಡ ಆ ಮನೆಗೆ ನುಗ್ಗಿ, ಮೊಲೆಹಾಲು ಕುಡಿಯುತ್ತಿದ್ದ ಕೂಸನ್ನು ಕಿತ್ತುಕೊಂಡು, ಕೆಟ್ಟ ಹವೆಯಲ್ಲಿ ಸರಿಯಾಗಿ ಬಟ್ಟೆಯೂ ಇಲ್ಲದಂತೆ ತೆರೆದ ಗಾಡಿಯಲ್ಲಿ ಹಾಕಿಕೊಂಡು ಹೋದ. ಮಗುವನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಬೇಕೆಂದು ಕೋರಿ ತಾಯಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಳು. ಮುಖ್ಯ ನ್ಯಾಯಮೂರ್ತಿ ಎಲೆನ್‌ಬರೋ ಅವರ ಪೀಠ ಕೊಟ್ಟ ಉತ್ತರ ಚಿಕ್ಕದು: ಕಾನೂನಿನ ಪ್ರಕಾರ ಮಗುವಿನ ಸುಪರ್ದಿಗೆ ಹಕ್ಕುದಾರ ತಂದೆ. ಮಗು ಅವನ ಬಳಿಯೇ ಉಳಿಯಿತು. ಮುಂದಿನ ಮೂರು ದಶಕಗಳ ಕಾಲ ವಕೀಲರು ಈ ತೀರ್ಪನ್ನೇ ಎತ್ತಿ ತೋರಿಸುತ್ತಿದ್ದರು. 1836ರ ಗ್ರೀನ್‌ಹಿಲ್ ಪ್ರಕರಣದಲ್ಲಿ ಗಂಡ ಬೇರೊಬ್ಬಳೊಂದಿಗೆ ಸಂಬಂಧ ಇಟ್ಟುಕೊಂಡಿದ್ದ. ಹೆಂಡತಿಯ ಮೇಲೆ ಒಂದು ದೂರೂ ಇರಲಿಲ್ಲ. ಆದರೂ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ತಂದೆಗೆ ಒಪ್ಪಿಸು ಎಂದು ನ್ಯಾಯಾಲಯ ತಾಯಿಗೆ ಆಜ್ಞೆ ಮಾಡಿತು.

ತಂದೆ ಸತ್ತರೂ ತಾಯಿಗೆ ಬಿಡುಗಡೆಯಿರಲಿಲ್ಲ. 1660ರ ಒಂದು ಶಾಸನದಿಂದ ಗಂಡಿಗೆ ಉಯಿಲಿನ ಮೂಲಕ ಮಕ್ಕಳಿಗೆ ಪೋಷಕನನ್ನು ನೇಮಿಸುವ ಅಧಿಕಾರ ಬಂದಿತ್ತು. ಅವನು ಯಾರನ್ನು ಬೇಕಾದರೂ ನೇಮಿಸಬಹುದಿತ್ತು, ತಾಯಿಯನ್ನು ಪೂರ್ತಿ ಹೊರಗಿಟ್ಟು.

ಮದುವೆಯಾಗದೆ ತಾಯಿಯಾದವಳ ಸ್ಥಿತಿಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಬೇಕು. 1834ರ ಬಡವರ ಪರಿಹಾರದ ಹೊಸ ಕಾನೂನು, ಅಂಥ ಮಗುವಿಗೆ 16 ವರ್ಷ ತುಂಬುವವರೆಗೆ ಸಾಕುವ ಹೊಣೆಯನ್ನು ತಾಯಿಯೊಬ್ಬಳ ತಲೆಗೇ ಕಟ್ಟಿತು. ತಂದೆಯಿಂದ ಜೀವನಾಂಶ ಪಡೆಯುವ ದಾರಿಯನ್ನು ಬಹುಮಟ್ಟಿಗೆ ಮುಚ್ಚಿಬಿಟ್ಟಿತು. ತಾಯಿಯೇ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಅಲ್ಪ ಮೊತ್ತ ಕೇಳುವ ಅವಕಾಶ ಸಿಕ್ಕಿದ್ದು 1844ರಲ್ಲಿ. ಮದುವೆಯಾದವಳಿಗೆ ಮಗುವಿನ ಮೇಲೆ ಹಕ್ಕಿಲ್ಲ. ಮದುವೆಯಾಗದವಳಿಗೆ ಮಗುವಿನ ಭಾರ ಬಿಟ್ಟು ಬೇರೇನೂ ಇಲ್ಲ. ಎರಡೂ ಕಡೆ ಗಂಡಸಿನ ಅನುಕೂಲವನ್ನೇ ನೋಡಿ ಗೆರೆ ಎಳೆದಿದ್ದರು.

ಈ ಗೋಡೆಗೆ ಮೊದಲು ಬಿರುಕು ಬಿಟ್ಟದ್ದು ಒಬ್ಬ ತಾಯಿಯ ಹಟದಿಂದ. ಕ್ಯಾರೊಲಿನ್ ನಾರ್ಟನ್ ಹುಟ್ಟಿದ್ದು 1808ರಲ್ಲಿ. ನಾಟಕಕಾರ ರಿಚರ್ಡ್ ಬ್ರಿನ್ಸ್‌ಲಿ ಶೆರಿಡನ್‌ನ ಮೊಮ್ಮಗಳು. ಚೆಲುವೆ, ಮಾತುಗಾರ್ತಿ, ಕವಯಿತ್ರಿ. ಕುಟುಂಬಕ್ಕೆ ದೊಡ್ಡ ಹೆಸರಿತ್ತು, ಹಣವಿರಲಿಲ್ಲ. 1827ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ವಕೀಲನೂ ಸಂಸದನೂ ಆಗಿದ್ದ ಜಾರ್ಜ್ ನಾರ್ಟನ್‌ನನ್ನು ಮದುವೆಯಾದಳು. ಹೊಡೆತ ಮೊದಲಾದದ್ದು ಮದುವೆಯಾದ ಕೆಲವೇ ತಿಂಗಳಲ್ಲಿ. ಅವನ ವಕೀಲಿ ನಡೆಯುತ್ತಿರಲಿಲ್ಲ. ಆಕೆಯ ಬರವಣಿಗೆಯ ಹಣವೂ ಸಂಸಾರಕ್ಕೆ ಬೇಕಾಗುತ್ತಿತ್ತು. ಆಕೆಯ ಪರಿಚಯದ ಬಲದಿಂದಲೇ, ಆಗ ಗೃಹ ಸಚಿವನಾಗಿದ್ದ ಲಾರ್ಡ್ ಮೆಲ್ಬರ್ನ್ 1831ರಲ್ಲಿ ಜಾರ್ಜ್‌ಗೆ ಮ್ಯಾಜಿಸ್ಟ್ರೇಟ್ ಕೆಲಸ ಕೊಡಿಸಿದ. ಫ್ಲೆಚರ್, ಬ್ರಿನ್ಸ್‌ಲಿ, ವಿಲಿಯಂ ಎಂಬ ಮೂವರು ಗಂಡುಮಕ್ಕಳು ಹುಟ್ಟಿದರು.

1836ರ ಈಸ್ಟರ್ ಸಮಯ. ಮಕ್ಕಳನ್ನು ಕರೆದುಕೊಂಡು ಅಣ್ಣನ ಮನೆಗೆ ಹೋಗಿಬರುವ ವಿಚಾರಕ್ಕೆ ಗಂಡ ಹೆಂಡತಿಗೆ ಜಗಳವಾಯಿತು. ಆಕೆ ಸಹೋದರಿಯ ಮನೆಗೆ ಹೋಗಿದ್ದ ಹೊತ್ತು ನೋಡಿ ಜಾರ್ಜ್ ಮೂರು ಮಕ್ಕಳನ್ನೂ ಬಾಡಿಗೆ ಗಾಡಿಯಲ್ಲಿ ಸಾಗಿಸಿಬಿಟ್ಟ. ಹಿರಿಯವನಿಗೆ ಆಗ ಆರು ವರ್ಷ, ಕಿರಿಯವನಿಗೆ ಇನ್ನೂ ಮೂರು ತುಂಬಿರಲಿಲ್ಲ. ಮಕ್ಕಳನ್ನು ಇಟ್ಟಿದ್ದ ಮನೆಯನ್ನು ಕ್ಯಾರೊಲಿನ್ ಪತ್ತೆಹಚ್ಚಿ ಹೋದಳು; ನೋಡಲು ಬಿಡಲಿಲ್ಲ. ಕೆಳಗಿನ ಕೋಣೆಯಲ್ಲಿ ತಾನು ಅಳುತ್ತ ಕೂತಿದ್ದಾಗ ಮೇಲಿನ ಮಹಡಿಯಲ್ಲಿ ಮಕ್ಕಳ ಪುಟ್ಟ ಕಾಲುಗಳು ಖುಷಿಯಿಂದ ಓಡಾಡುವ ಸದ್ದು ಕೇಳುತ್ತಿತ್ತು, ನಡುವೆ ಇದ್ದದ್ದು ಒಂದು ಛಾವಣಿ ಮಾತ್ರ, ಆದರೂ ಅವರ ಹತ್ತಿರ ಹೋಗಲಾಗಲಿಲ್ಲ ಎಂದು ಆಕೆ ಮೆಲ್ಬರ್ನ್‌ಗೆ ಪತ್ರ ಬರೆದಳು. ಜಾರ್ಜ್ ಮಾಡಿದ್ದರಲ್ಲಿ ಕಾನೂನುಬಾಹಿರವಾದದ್ದು ಒಂದೂ ಇರಲಿಲ್ಲ.

ಮುಂದೆ ಅವನು ಇನ್ನೊಂದು ಹೆಜ್ಜೆ ಇಟ್ಟ. ಅಷ್ಟರಲ್ಲಿ ಪ್ರಧಾನಿಯಾಗಿದ್ದ ಮೆಲ್ಬರ್ನ್ ಮೇಲೆ, ನನ್ನ ಹೆಂಡತಿಯೊಂದಿಗೆ ವ್ಯಭಿಚಾರ ಮಾಡಿದ್ದಾನೆ ಎಂದು 10,000 ಪೌಂಡ್ ಪರಿಹಾರ ಕೇಳಿ ದಾವೆ ಹೂಡಿದ. ಇಂಥ ದಾವೆಯ ಸ್ವರೂಪವನ್ನು ಇಲ್ಲಿ ತಿಳಿದುಕೊಳ್ಳಬೇಕು. ಹೆಂಡತಿ ಗಂಡನ ಸ್ವತ್ತಾದ್ದರಿಂದ ಆಕೆಯ ಶೀಲಕ್ಕೆ ಬಂದ ಕುಂದು ಅವನಿಗಾದ ನಷ್ಟ. ಆ ನಷ್ಟವನ್ನು ಇನ್ನೊಬ್ಬ ಗಂಡಸು ಹಣದಲ್ಲಿ ತುಂಬಿಕೊಡಬೇಕು. ವಾದಿ ಗಂಡ, ಪ್ರತಿವಾದಿ ಪರಪುರುಷ. ಯಾರ ಮಾನ ಹರಾಜಾಗುತ್ತಿದೆಯೋ ಆ ಹೆಂಗಸು ಅದರಲ್ಲಿ ಪಕ್ಷಗಾರಳೇ ಅಲ್ಲ. ಸಾಕ್ಷಿ ಹೇಳುವಂತಿಲ್ಲ, ತನ್ನ ಕಡೆಯಿಂದ ವಕೀಲರನ್ನು ಇಡುವಂತಿಲ್ಲ. 1836ರ ಜೂನ್ 22ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ವಿಚಾರಣೆ ಬೆಳಗ್ಗೆಯಿಂದ ರಾತ್ರಿಯವರೆಗೂ ನಡೆಯಿತು. ಸಾಕ್ಷಿ ಹೇಳಲು ಬಂದವರಲ್ಲಿ ಹೆಚ್ಚಿನವರು ಆ ಮನೆಯಿಂದ ಕೆಲಸ ಬಿಟ್ಟುಹೋದ ಆಳುಕಾಳುಗಳು. ‘ನಾಲ್ಕೂವರೆ ಹೊತ್ತಿಗೆ ಬರುತ್ತೇನೆ’ ಎಂಬಂಥ ಮೆಲ್ಬರ್ನ್‌ನ ಒಂದೆರಡು ಸಾಲಿನ ಚೀಟಿಗಳನ್ನು ಓದಿ, ಅವುಗಳಲ್ಲಿ ಗೂಢಾರ್ಥವಿದೆ ಎಂದು ವಕೀಲರು ವಾದಿಸಿದರು. ಪತ್ರಿಕೆಯ ವರದಿಗಾರನಾಗಿ ಅಲ್ಲಿದ್ದ ಯುವಕ ಚಾರ್ಲ್ಸ್ ಡಿಕನ್ಸ್. ಜ್ಯೂರಿಗಳು ಕೂತಲ್ಲಿಂದ ಏಳದೆಯೇ ಮೆಲ್ಬರ್ನ್ ಪರ ತೀರ್ಪು ಕೊಟ್ಟರು.

ಆಕೆ ನಿರ್ದೋಷಿ ಎಂದಾಯಿತು. ಅದರಿಂದ ಆಕೆಗೆ ದೊರೆತದ್ದೇನು? ಮೆಲ್ಬರ್ನ್ ಪ್ರಧಾನಿಯಾಗಿಯೇ ಮುಂದುವರಿದ. ಜಾರ್ಜ್ ಮ್ಯಾಜಿಸ್ಟ್ರೇಟನಾಗಿಯೇ ಉಳಿದ. ಕ್ಯಾರೊಲಿನ್‌ಳ ಹೆಸರು ಮಾತ್ರ ಊರಿನ ಬಾಯಿಗೆ ಬಿತ್ತು. ವ್ಯಭಿಚಾರ ಸಾಬೀತಾಗದ ಕಾರಣ ವಿಚ್ಛೇದನಕ್ಕೆ ದಾರಿಯಿಲ್ಲ. ವಿಚ್ಛೇದನವಿಲ್ಲದ ಕಾರಣ ಜಾರ್ಜ್ ಸಾಯುವವರೆಗೂ ಆಕೆ ಅವನ ಹೆಂಡತಿ. ಮಕ್ಕಳು ಸ್ಕಾಟ್ಲೆಂಡಿನಲ್ಲಿದ್ದ ಅವನ ಅಕ್ಕನ ಮನೆಗೆ ಹೋದರು. ತಾಯಿಯ ಕಾಗದ ಓದಿದ್ದಕ್ಕೆ ಆರು ವರ್ಷದ ಹಿರಿಯ ಮಗನಿಗೆ ಅಲ್ಲಿ ಬೆತ್ತದೇಟು ಬಿತ್ತು, ಅವನಿಗಿಂತ ಚಿಕ್ಕವನನ್ನು ಬಟ್ಟೆ ಬಿಚ್ಚಿ ಮಂಚದ ಕಾಲಿಗೆ ಕಟ್ಟಿ ಕುದುರೆಯ ಚಾವಟಿಯಿಂದ ಹೊಡೆದರು ಎಂದು ಆಕೆ ದಾಖಲಿಸಿದ್ದಾಳೆ. ತಾಯಿ ಲಂಡನ್ನಿನಲ್ಲಿ ಕೂತು ಇದನ್ನೆಲ್ಲ ಕೇಳಬೇಕಾಯಿತು.

ಆಕೆ ಕಣ್ಣೀರಿನಲ್ಲಿ ಕೈತೊಳೆಯುತ್ತ ಕೂರಲಿಲ್ಲ. ಕಾನೂನು ಪುಸ್ತಕಗಳನ್ನು ತರಿಸಿ ಓದಿದಳು, ಹಳೆಯ ಮೊಕದ್ದಮೆಗಳನ್ನು ಒಂದೊಂದಾಗಿ ಹುಡುಕಿ ಬರೆದಿಟ್ಟುಕೊಂಡಳು. 1837ರಲ್ಲಿ, ಎಳೆಯ ಮಕ್ಕಳ ಮೇಲೆ ತಾಯಿಗಿರುವ ಸಹಜ ಹಕ್ಕನ್ನು ಕುರಿತು ಒಂದು ಕಿರುಹೊತ್ತಿಗೆಯನ್ನು ಅಚ್ಚು ಹಾಕಿಸಿ ಸಂಸದರಿಗೆ ಹಂಚಿದಳು. ಥಾಮಸ್ ನೂನ್ ಟಾಲ್ಫರ್ಡ್ ಎಂಬ ವಕೀಲ-ಸಂಸದ ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯಲ್ಲಿ ಮಸೂದೆ ಮಂಡಿಸಿದ. 1838ರಲ್ಲಿ ಅದು ಕಾಮನ್ಸ್ ದಾಟಿ, ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಬಿದ್ದುಹೋಯಿತು.

ವಿರೋಧಿಸಿದವರ ವಾದವನ್ನು ಸ್ವಲ್ಪ ನಿಂತು ನೋಡುವುದು ಒಳ್ಳೆಯದು, ಏಕೆಂದರೆ ಇಡೀ ವ್ಯವಸ್ಥೆಯ ಗುಟ್ಟು ಅದರಲ್ಲಿದೆ. ತಾಯಂದಿರಿಗೆ ಅನ್ಯಾಯವಾಗುತ್ತಿಲ್ಲ ಎಂದು ಅವರು ಹೇಳಲಿಲ್ಲ. ಹೆಂಗಸರ ಮೇಲೆ ಕಾನೂನು ಕಠೋರವಾಗಿದೆ ಎಂದು ಲಾರ್ಡ್ ಬ್ರೂಮ್ ಒಪ್ಪಿಕೊಂಡೇ ಮಸೂದೆಯನ್ನು ವಿರೋಧಿಸಿದ. ಅವರ ಭಯ ಬೇರೆಯಿತ್ತು. ಗಂಡನನ್ನು ಬಿಟ್ಟರೂ ಮಕ್ಕಳು ಸಿಗುತ್ತಾರೆ ಎಂದು ಗೊತ್ತಾದರೆ ಹೆಂಡತಿಯರು ಬಿಟ್ಟುಹೋಗುತ್ತಾರೆ. ಮಕ್ಕಳನ್ನು ಕಳೆದುಕೊಳ್ಳುವ ಹೆದರಿಕೆಯೇ ಎಷ್ಟೋ ಸಂಸಾರಗಳನ್ನು ಹಿಡಿದಿಟ್ಟಿದೆ. ಅಂದರೆ ತಾಯಿಯ ಪ್ರೀತಿಯನ್ನು ಆಕೆಯ ವಿರುದ್ಧವೇ ಬಳಸಿ ಮನೆಗಳನ್ನು ನಿಲ್ಲಿಸಿದ್ದೇವೆ ಎಂದು ಆ ದೇಶದ ಶಾಸಕರು ಒಪ್ಪಿಕೊಂಡಂತಾಯಿತು. ಈ ಚರ್ಚೆಯ ವಿವರಗಳನ್ನು ಓದುವಾಗ ನನಗೆ ಇಂದಿಗೂ ಮೈ ಉರಿಯುತ್ತದೆ.

ಅದೇ ವರ್ಷ ಒಂದು ಪತ್ರಿಕೆ ಕ್ಯಾರೊಲಿನ್‌ಳನ್ನು ಹೆಣ್ಣು ದೆವ್ವ, ಹೆಣ್ಣು ಮೃಗ ಎಂದು ಜರೆದು ಉದ್ದದ ಲೇಖನ ಪ್ರಕಟಿಸಿತು. ಆಕೆ ಬರೆಯದ ಬರಹವನ್ನೂ ಆಕೆಯ ತಲೆಗೆ ಕಟ್ಟಿತು. ಮಾನನಷ್ಟ ಮೊಕದ್ದಮೆ ಹೂಡಲು ಹೋದರೆ, ಮದುವೆಯಾದ ಹೆಂಗಸು ತನ್ನ ಹೆಸರಿನಲ್ಲಿ ದಾವೆ ಹೂಡುವಂತಿಲ್ಲ, ಗಂಡ ಹೂಡಬೇಕು.

ಆಕೆ ಮತ್ತೊಂದು ಹೊತ್ತಿಗೆ ಬರೆದಳು. ಹೆಂಗಸಿನ ಮಾತಿಗೆ ಬೆಲೆ ಕೊಡುವುದಿಲ್ಲವೆಂದು ಪಿಯರ್ಸ್ ಸ್ಟೀವನ್‌ಸನ್ ಎಂಬ ಗಂಡು ಹೆಸರು ಇಟ್ಟುಕೊಂಡಳು. 1839ರಲ್ಲಿ ಎಳೆಯ ಮಕ್ಕಳ ಸುಪರ್ದಿ ಕಾನೂನು ಅಂಗೀಕಾರವಾಯಿತು. ಏಳು ವರ್ಷದೊಳಗಿನ ಮಕ್ಕಳ ಸುಪರ್ದಿ ಕೇಳಲು, ಅದಕ್ಕಿಂತ ದೊಡ್ಡ ಮಕ್ಕಳನ್ನು ಭೇಟಿಯಾಗಲು ತಾಯಿ ಈಗ ಅರ್ಜಿ ಹಾಕಬಹುದಿತ್ತು. ಇಂಗ್ಲೆಂಡಿನ ಕಾನೂನು ಮದುವೆಯಾದ ಹೆಂಗಸನ್ನು ತಾಯಿಯೆಂದು ಮೊದಲ ಬಾರಿಗೆ ಗುರುತಿಸಿತು. ಆದರೆ ಷರತ್ತುಗಳಿದ್ದವು. ಅರ್ಜಿ ಹಾಕಬೇಕಾದದ್ದು ಚಾನ್ಸರಿ ನ್ಯಾಯಾಲಯದಲ್ಲಿ. ಅಲ್ಲಿನ ಖರ್ಚು ಬಡವರಿಗೆ ಎಟುಕುವಂಥದ್ದಲ್ಲ. ತಾಯಿಯ ವ್ಯಭಿಚಾರ ಸಾಬೀತಾಗಿದ್ದರೆ ಬಾಗಿಲು ಮುಚ್ಚಿದಂತೆ. ತಂದೆಯ ನಡತೆಗೆ ಅಂಥ ಯಾವ ಷರತ್ತೂ ಇರಲಿಲ್ಲ.

ಕಾನೂನು ತಂದವಳಿಗೇ ಅದು ದಕ್ಕಲಿಲ್ಲ. ಇಂಗ್ಲೆಂಡಿನ ಚಾನ್ಸರಿಯ ಅಧಿಕಾರ ಸ್ಕಾಟ್ಲೆಂಡಿನಲ್ಲಿ ನಡೆಯುತ್ತಿರಲಿಲ್ಲ, ಮಕ್ಕಳು ಇದ್ದದ್ದು ಅಲ್ಲಿ. 1842ರ ಸೆಪ್ಟೆಂಬರಿನಲ್ಲಿ ಕಿರಿಯ ಮಗ ವಿಲಿಯಂ ಕುದುರೆಯಿಂದ ಬಿದ್ದ. ಗಾಯ ನಂಜಾಯಿತು. ತಾಯಿಗೆ ಹೇಳಿ ಕಳುಹಿಸಿದ್ದು ಕೊನೆಯ ಗಳಿಗೆಯಲ್ಲಿ. ಆಕೆ ಬಂದಿಳಿಯುವಷ್ಟರಲ್ಲಿ ಮಗುವನ್ನು ಶವಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಆ ಸಾವಿನ ನಂತರವೇ ಜಾರ್ಜ್ ಉಳಿದಿಬ್ಬರು ಮಕ್ಕಳು ಆಗಾಗ ತಾಯಿಯ ಬಳಿ ಇರಲು ಒಪ್ಪಿದ. ಅದೂ ಅವನ ಮರ್ಜಿ, ಆಕೆಯ ಹಕ್ಕಲ್ಲ.

ಹಣದ ವಿಚಾರದಲ್ಲಿ ಇನ್ನೊಂದು ಸುತ್ತು ಬಾಕಿಯಿತ್ತು. ವರ್ಷಕ್ಕೆ 500 ಪೌಂಡ್ ಜೀವನಾಂಶ ಕೊಡುತ್ತೇನೆಂದು ಜಾರ್ಜ್ 1848ರಲ್ಲಿ ಬರೆದುಕೊಟ್ಟಿದ್ದ. ಕ್ಯಾರೊಲಿನ್‌ಳ ತಾಯಿ ತೀರಿಕೊಂಡು ಮಗಳಿಗೆ ಸ್ವಲ್ಪ ಆದಾಯ ಬಿಟ್ಟುಹೋದದ್ದು ತಿಳಿದೊಡನೆ ಕೊಡುವುದನ್ನು ನಿಲ್ಲಿಸಿದ. ಸಾರೋಟು ರಿಪೇರಿ ಮಾಡಿದವರಿಗೆ ಆಕೆ ಹಣ ಕೊಡಬೇಕಿತ್ತು. ಹೆಂಡತಿಯ ಸಾಲಕ್ಕೆ ಗಂಡನೇ ಹೊಣೆಯಾದ್ದರಿಂದ 1853ರ ಆಗಸ್ಟಿನಲ್ಲಿ ಅವರು ಜಾರ್ಜ್‌ನ ಮೇಲೆ ದಾವೆ ಹಾಕಿದರು. ಆ ಕರಾರಿನ ಮಾತು ಬಂದಾಗ ಅವನ ಕಡೆಯ ವಾದ ಸುಲಭವಾಗಿತ್ತು: ಗಂಡ ಹೆಂಡತಿ ಒಬ್ಬನೇ ವ್ಯಕ್ತಿ, ತನ್ನೊಂದಿಗೆ ತಾನೇ ಕರಾರು ಮಾಡಿಕೊಳ್ಳಲು ಆಗುತ್ತದೆಯೇ? ಕರಾರು ಊರ್ಜಿತವಲ್ಲ. ಆಕೆಯ ಪುಸ್ತಕಗಳಿಂದ ಬಂದ ಹಣವೆಷ್ಟು ಎಂದು ತಿಳಿಯಲು ಪ್ರಕಾಶಕರಿಗೂ ಸಮನ್ಸ್ ಕಳುಹಿಸಿದ್ದ. ತುಂಬಿದ ನ್ಯಾಯಾಲಯದಲ್ಲಿ ಕ್ಯಾರೊಲಿನ್ ಎದ್ದು ನಿಂತು ಹೇಳಿದಳು: ‘ನಾನು ನನ್ನ ಹಕ್ಕುಗಳನ್ನು ಕೇಳುತ್ತಿಲ್ಲ. ನನಗೆ ಹಕ್ಕುಗಳೇ ಇಲ್ಲ. ನನಗಿರುವುದು ನನಗಾದ ಅನ್ಯಾಯಗಳು ಮಾತ್ರ.’

1855ರಲ್ಲಿ ಆಕೆ ವಿಕ್ಟೋರಿಯಾ ರಾಣಿಗೇ ಬಹಿರಂಗ ಪತ್ರ ಬರೆದಳು. ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸಿಗೆ ಕಾನೂನಿನಲ್ಲಿ ಅಸ್ತಿತ್ವವೇ ಇಲ್ಲ ಎಂದು, ಹೆಂಡತಿಯರಿಗೆ ಏನೇನಿಲ್ಲ ಎಂಬುದನ್ನು ಅದರಲ್ಲಿ ಒಂದೊಂದಾಗಿ ಎಣಿಸಿದಳು. ಅದೇ ಹೊತ್ತಿಗೆ ಬಾರ್ಬರಾ ಲೀ ಸ್ಮಿತ್ ಎಂಬ ಯುವತಿ ಹೆಂಗಸರಿಗೆ ಸಂಬಂಧಿಸಿದ ಕಾನೂನುಗಳನ್ನೆಲ್ಲ ಸರಳ ಭಾಷೆಯಲ್ಲಿ ಸಂಗ್ರಹಿಸಿ, 1856ರಲ್ಲಿ ಹೆಂಡತಿಯರ ಆಸ್ತಿ ಹಕ್ಕಿಗಾಗಿ ಸಾವಿರಾರು ಸಹಿಗಳ ಮನವಿಯನ್ನು ಸಂಸತ್ತಿಗೆ ಸಲ್ಲಿಸಿದ್ದಳು. ಇವೆಲ್ಲದರ ಒತ್ತಡದ ನಡುವೆ 1857ರ ವಿಚ್ಛೇದನ ಕಾನೂನು ಬಂತು. ಅಲ್ಲಿಯವರೆಗೆ ಪೂರ್ಣ ವಿಚ್ಛೇದನ ಬೇಕಾದರೆ ಸಂಸತ್ತಿನಲ್ಲಿ ಪ್ರತ್ಯೇಕ ಖಾಸಗಿ ಮಸೂದೆಯೇ ಆಗಬೇಕಿತ್ತು. ಅಷ್ಟು ಕಾಲದಲ್ಲಿ ಹಾಗೆ ವಿಚ್ಛೇದನ ಪಡೆದ ಹೆಂಗಸರು ನಾಲ್ಕೇ ಮಂದಿ. ಹೊಸ ಕಾನೂನು ನ್ಯಾಯಾಲಯದ ಬಾಗಿಲು ತೆರೆಯಿತು, ಬಿಟ್ಟುಹೋದ ಗಂಡ ಮರಳಿ ಬಂದು ಹೆಂಡತಿಯ ಸಂಪಾದನೆ ದೋಚದಂತೆ ರಕ್ಷಣೆ ಕೊಟ್ಟಿತು. ಆದರೆ ತಕ್ಕಡಿ ಸಮವಿರಲಿಲ್ಲ. ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕು. ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷದ ಪರಿತ್ಯಾಗವನ್ನೋ, ಅಂಥ ಮತ್ತೊಂದನ್ನೋ ಸಾಬೀತು ಮಾಡಬೇಕು. ಈ ಭೇದ 1923ರವರೆಗೆ ಉಳಿಯಿತು.

ಕ್ಯಾರೊಲಿನ್ ಸ್ತ್ರೀಸಮಾನತೆಯ ಹೋರಾಟಗಾರ್ತಿಯಲ್ಲ ಎಂಬುದನ್ನೂ ಹೇಳಬೇಕು. ಹೆಣ್ಣು ಗಂಡಿಗಿಂತ ಕೆಳಗಿರುವುದು ದೇವರ ನಿಯಮ ಎಂದೇ ಆಕೆ ಬರೆದಳು. ಸಮಾನ ಹಕ್ಕಿನ ಮಾತನ್ನು ದೂರವಿಟ್ಟಳು. ದುರ್ಬಲಳಿಗೆ ರಕ್ಷಣೆ ಕೊಡಿ ಎಂಬುದಷ್ಟೇ ಆಕೆಯ ಬೇಡಿಕೆ. ಇದನ್ನು ಹಿಡಿದು ಆಕೆಯನ್ನು ಅಲ್ಲಗಳೆಯುವವರ ಮಾತು ನನಗೆ ಒಪ್ಪಿಗೆಯಿಲ್ಲ. ಗಂಡಸರೇ ತುಂಬಿದ್ದ ಸಂಸತ್ತು ಆಗ ಕಿವಿಗೊಡುತ್ತಿದ್ದದ್ದು ಆ ಒಂದು ದನಿಗೆ ಮಾತ್ರ, ತಾಯಿಯ ದನಿಗೆ. ಅದಕ್ಕೆ ತೆರಬೇಕಾದ ಬೆಲೆಯೂ ಇತ್ತು. ‘ನಿರ್ದೋಷಿ ತಾಯಿ’ಗೆ ಕನಿಕರ ಎಂದು ಬಂದ ಕಾನೂನಿನಲ್ಲಿ, ನಡತೆಯ ಪ್ರಮಾಣಪತ್ರ ತೋರಿಸಲಾಗದ ತಾಯಿ ಮತ್ತೆ ಹೊರಗೇ ಉಳಿದಳು.

ಮಗುವಿನ ಮೇಲಿನ ಹಕ್ಕಿನ ಮಾತು ಹೀಗಾದರೆ, ತಾಯಿಯಾಗಬೇಕೇ ಬೇಡವೇ ಎಂಬುದರಲ್ಲಂತೂ ಹೆಂಡತಿಯ ಮಾತಿಗೆ ಎಡೆಯೇ ಇರಲಿಲ್ಲ. ಮದುವೆಗೆ ಒಪ್ಪಿದವಳು ಗಂಡನಿಗೆ ತನ್ನ ಮೈಯನ್ನು ಎಂದೆಂದಿಗೂ ಒಪ್ಪಿಸಿದಂತೆ, ಆ ಒಪ್ಪಿಗೆಯನ್ನು ಹಿಂಪಡೆಯುವಂತಿಲ್ಲ ಎಂದು ಹದಿನೇಳನೆಯ ಶತಮಾನದ ನ್ಯಾಯಾಧೀಶ ಮ್ಯಾಥ್ಯೂ ಹೇಲ್ ಬರೆದದ್ದೇ ಕಾನೂನಾಗಿತ್ತು. ಐದಾರು ಹೆರಿಗೆ ಸಾಮಾನ್ಯ. ಸಾವಿರ ಹೆರಿಗೆಗೆ ಸುಮಾರು ನಾಲ್ಕೈದು ತಾಯಂದಿರು ಸಾಯುತ್ತಿದ್ದರು, ಬಾಣಂತಿ ಜ್ವರ ಅದಕ್ಕೆ ಒಂದು ದೊಡ್ಡ ಕಾರಣ. ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 150 ಒಂದು ವರ್ಷ ತುಂಬುವ ಮುನ್ನ ಹೋಗಿಬಿಡುತ್ತಿದ್ದವು. ಒಂಬತ್ತು ಮಕ್ಕಳನ್ನು ಹೆತ್ತ ವಿಕ್ಟೋರಿಯಾ ರಾಣಿಯೇ 1858ರಲ್ಲಿ ಮಗಳಿಗೆ ಬರೆದ ಕಾಗದದಲ್ಲಿ, ಹೆರಿಗೆಯ ಹೊತ್ತಿನಲ್ಲಿ ನಾವು ಹಸುವಿನಂತೆ, ನಾಯಿಯಂತೆ ಆಗಿಬಿಡುತ್ತೇವೆ ಎಂದು ಹೇಳಿಕೊಂಡಿದ್ದಾಳೆ. ಇಡೀ ದೇಶಕ್ಕೆ ಆದರ್ಶ ತಾಯಿಯಾಗಿ ಕಾಣುತ್ತಿದ್ದವಳ ಮಾತಿದು.

ಹೆರಿಗೆಯನ್ನು ಮಿತಿಗೊಳಿಸುವ ಬಗ್ಗೆ ತಿಳಿವಳಿಕೆ ಕೊಟ್ಟದ್ದಕ್ಕೆ ಮಗಳನ್ನೇ ಕಳೆದುಕೊಂಡವರು ನಮಗೆ ಚಿರಪರಿಚಿತರಾದ ಆನಿ ಬೆಸೆಂಟ್. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನ ಹುಟ್ಟಿಗೆ 1917ರಲ್ಲಿ ಕಾರಣರಾದ, ಹೋಂ ರೂಲ್ ಚಳವಳಿಯ ಅದೇ ಬೆಸೆಂಟ್. ಇಂಗ್ಲೆಂಡಿನಲ್ಲಿ ಅವರು ಪಾದ್ರಿ ಫ್ರಾಂಕ್ ಬೆಸೆಂಟ್‌ನ ಹೆಂಡತಿಯಾಗಿದ್ದರು. ನಂಬಿಕೆ ಕಳೆದುಕೊಂಡು 1873ರಲ್ಲಿ ಬೇರೆಯಾದಾಗ ಆದ ಪತ್ರದಂತೆ ಮಗ ಡಿಗ್ಬಿ ತಂದೆಯ ಬಳಿ, ಮಗಳು ಮೇಬಲ್ ತಾಯಿಯ ಬಳಿ. 1877ರಲ್ಲಿ ನಾಸ್ತಿಕವಾದಿ ಚಾರ್ಲ್ಸ್ ಬ್ರ್ಯಾಡ್ಲಾ ಜೊತೆಗೂಡಿ ಗರ್ಭನಿರೋಧದ ಬಗೆಗಿನ ಹಳೆಯ ಪುಸ್ತಿಕೆಯೊಂದನ್ನು ಮರುಮುದ್ರಿಸಿದ್ದಕ್ಕೆ ಅಶ್ಲೀಲತೆಯ ಮೊಕದ್ದಮೆ ಎದುರಿಸಿದರು. ಮರುವರ್ಷ ಗಂಡ ಮಗಳನ್ನು ಕೇಳಿ ನ್ಯಾಯಾಲಯಕ್ಕೆ ಹೋದ. ನ್ಯಾಯಾಧೀಶ ಸರ್ ಜಾರ್ಜ್ ಜೆಸೆಲ್, ತಾಯಿ ನಾಸ್ತಿಕಳು, ಅಂಥ ಪುಸ್ತಿಕೆ ಪ್ರಕಟಿಸಿದವಳು ಎಂಬ ಕಾರಣ ಕೊಟ್ಟು ಮಗುವನ್ನು ತಂದೆಗೆ ಒಪ್ಪಿಸಿದರು. ಆಗಷ್ಟೇ ಜ್ವರದಿಂದ ಚೇತರಿಸಿಕೊಳ್ಳುತ್ತಿದ್ದ ಮಗಳು ಕಿರುಚುತ್ತ, ಕೊಸರಾಡುತ್ತ ಹೋದದ್ದನ್ನು ಬೆಸೆಂಟ್ ಬರೆದಿದ್ದಾರೆ. ಮಗಳನ್ನು ತಾಯಿ ಚೆನ್ನಾಗಿ ನೋಡಿಕೊಳ್ಳುತ್ತಿಲ್ಲ ಎಂದು ಯಾರೂ ಹೇಳಿರಲಿಲ್ಲ. ಬೆಳೆದು ದೊಡ್ಡವರಾದ ಮೇಲೆ ಮಕ್ಕಳಿಬ್ಬರೂ ತಾವಾಗಿಯೇ ತಾಯಿಯ ಬಳಿಗೆ ಮರಳಿದರು.

ಐದು ವರ್ಷದ ನಂತರದ ಎಗರ್-ಎಲಿಸ್ ಪ್ರಕರಣವೂ ಹೀಗೆಯೇ. ಮಕ್ಕಳನ್ನು ಕ್ಯಾಥೊಲಿಕರಾಗಿ ಬೆಳೆಸುತ್ತೇನೆ ಎಂದು ಮದುವೆಗೆ ಮುಂಚೆ ಮಾತು ಕೊಟ್ಟಿದ್ದ ಪ್ರೊಟೆಸ್ಟಂಟ್ ಗಂಡ ಮೊದಲ ಮಗು ಹುಟ್ಟಿದೊಡನೆ ಮಾತು ಮುರಿದ. ಅಂಥ ಮಾತಿಗೆ ತಂದೆ ಬದ್ಧನಲ್ಲ ಎಂದಿತು ನ್ಯಾಯಾಲಯ. 1883ರಲ್ಲಿ, ಹದಿನಾರು ದಾಟಿದ ಮಗಳು ರಜೆಯನ್ನು ತಾಯಿಯೊಂದಿಗೆ ಕಳೆಯಲು ಅನುಮತಿ ಕೇಳಿದಳು. ಮಕ್ಕಳಿಗೆ 21 ತುಂಬುವವರೆಗೆ ತಂದೆಯ ಮಾತೇ ಅಂತಿಮ ಎಂದು ಮೇಲ್ಮನವಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು.

ಬದಲಾವಣೆ ಬಂತು, ಆದರೆ ತುಂಡುತುಂಡಾಗಿ. 1870ರಲ್ಲಿ ಹೆಂಡತಿಯ ಸಂಪಾದನೆ ಆಕೆಯದಾಯಿತು, 1882ರಲ್ಲಿ ಎಲ್ಲ ಆಸ್ತಿಯೂ. 1873ರಲ್ಲಿ 16 ವರ್ಷದವರೆಗಿನ ಮಕ್ಕಳ ಸುಪರ್ದಿಯನ್ನು ತಾಯಿ ಕೇಳಬಹುದಾಯಿತು. ನಡತೆಯ ಹಳೆಯ ಷರತ್ತೂ ಹೋಯಿತು. ಹೆಂಡತಿಯರ ಮೇಲಿನ ಹಿಂಸೆಯ ಬಗ್ಗೆ ಫ್ರಾನ್ಸಸ್ ಪವರ್ ಕಾಬ್ ಬರೆದ ಲೇಖನ ಸಂಚಲನ ಎಬ್ಬಿಸಿದ 1878ರಲ್ಲೇ, ಗಂಡ ತೀವ್ರ ಹಲ್ಲೆಗಾಗಿ ಶಿಕ್ಷೆಗೆ ಒಳಗಾಗಿದ್ದರೆ ಸ್ಥಳೀಯ ಮ್ಯಾಜಿಸ್ಟ್ರೇಟರೇ ಹೆಂಡತಿಗೆ ಪ್ರತ್ಯೇಕ ವಾಸ, ಜೀವನಾಂಶ, ಹತ್ತು ವರ್ಷದೊಳಗಿನ ಮಕ್ಕಳ ಸುಪರ್ದಿ ಕೊಡಬಹುದಾಯಿತು. ಬಡ ಹೆಂಗಸರಿಗೆ ನಿಜವಾಗಿ ಉಪಯೋಗಕ್ಕೆ ಬಂದ ಮೊದಲ ಕಾನೂನು ಇದೇ ಎಂದು ನನಗೆ ತೋರುತ್ತದೆ. 1886ರಲ್ಲಿ, ಗಂಡ ಸತ್ತರೆ ತಾಯಿ ತಾನಾಗಿಯೇ ಪೋಷಕಳಾಗುವ ಹಕ್ಕು ಬಂತು. ಗಂಡ ಉಯಿಲಿನಲ್ಲಿ ಬೇರೊಬ್ಬನನ್ನು ನೇಮಿಸಿದ್ದರೆ ಅವನ ಜೊತೆಗೂಡಿ. ಗಂಡ ಬದುಕಿರುವಾಗಲೂ ತಾಯಿಗೆ ಸರಿಸಮ ಹಕ್ಕು ಎಂದು ಇಂಗ್ಲೆಂಡಿನ ಶಾಸನ ಬರೆದುಕೊಂಡದ್ದು 1973ರಲ್ಲಿ.

ಆ ಕಾಲದ ಇಂಗ್ಲಿಷ್ ಕಾನೂನು ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1890ರ ಪೋಷಕರು ಮತ್ತು ಪೋಷಿತರ ಕಾಯ್ದೆ, ತಂದೆ ಬದುಕಿದ್ದು ಅನರ್ಹನಲ್ಲದಿದ್ದರೆ ನ್ಯಾಯಾಲಯ ಬೇರೊಬ್ಬರನ್ನು ಪೋಷಕರಾಗಿ ನೇಮಿಸುವಂತಿಲ್ಲ ಎಂದಿತು. ಆ ಸೆಕ್ಷನ್ನಿಗೆ ‘ತಾಯಿ’ಯೂ ಸೇರಿದ್ದು 2010ರ ತಿದ್ದುಪಡಿಯಲ್ಲಿ. ಸ್ವತಂತ್ರ ಭಾರತದಲ್ಲಿ ಬಂದ 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವ ಕಾಯ್ದೆಯ 6ನೆಯ ಸೆಕ್ಷನ್ನಿನ ಪ್ರಕಾರ ಮಗುವಿನ ಸ್ವಾಭಾವಿಕ ಪೋಷಕ ತಂದೆ, ಅವನ ನಂತರ ತಾಯಿ. ಐದು ವರ್ಷದೊಳಗಿನ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ, ಪೋಷಕರ ಸಹಿ ತಂದೆಯದೇ ಆಗಬೇಕು ಎಂಬ ಉತ್ತರ ಬಂತು. 1999ರಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯ ‘ಅವನ ನಂತರ’ ಎಂಬ ಮಾತನ್ನು ತಂದೆ ಸತ್ತ ನಂತರ ಎಂದೇ ಓದಬೇಕಿಲ್ಲ, ತಂದೆ ಮಗುವಿನ ಹೊಣೆ ಹೊರದಿದ್ದಾಗಲೂ ತಾಯಿಯೇ ಪೋಷಕಿ ಎಂದು ತೀರ್ಪು ಕೊಟ್ಟಿತು. ಇಬ್ಬರನ್ನೂ ಏಕಕಾಲಕ್ಕೆ ಸಮಾನ ಪೋಷಕರನ್ನಾಗಿ ಮಾಡಿ ಎಂದು ಕಾನೂನು ಆಯೋಗ 2015ರಲ್ಲಿ ತನ್ನ 257ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಸುಪ್ರೀಂ ಕೋರ್ಟಿನ ವ್ಯಾಖ್ಯಾನ ದಾರಿ ತೋರಿಸಿದೆ, ಆಯೋಗ ಕರಡನ್ನೂ ಬರೆದುಕೊಟ್ಟಿದೆ. ಸಂಸತ್ತು ಆ ಒಂದು ಸಾಲನ್ನು ತಿದ್ದುವುದು ಬಾಕಿಯಿದೆ.